ಡ್ಯಾಶ್‌ಬೋರ್ಡ್ ಬೆಳಗಿದರೆ ಹೆಡ್‌ಲೈಟು ಹತ್ತಿದಂತೆಯೆ?

ಕಳೆದ ಮಾರ್ಚಿಯ ಒಂದು ಸಂಜೆ ಹುಬ್ಬಳ್ಳಿಯಿಂದ ನರಗುಂದಕ್ಕೆ ಅಳಿಯನ ಹೊಸ ಕಾರಿನಲ್ಲಿ ಬರುತ್ತಿದ್ದೆ. ನವಲಗುಂದ ದಾಟುವಾಗ ಸೂರ್ಯ ಮುಳುಗಿದ್ದ. ಎರಡೂ ಕಡೆ ಕಪ್ಪು ಎರೆಭೂಮಿ, ನಡುವೆ ಕಪ್ಪು ಡಾಂಬರು. ಹೊತ್ತು ಇಳಿದ ಮೇಲೆ ಯಾವುದು ಹೊಲ, ಯಾವುದು ರಸ್ತೆ ಎಂದು ಕಣ್ಣಿಗೆ ತಿಳಿಯುವುದು ಕಷ್ಟ. ಮುಂದೆ ಕಣಿಕಿ ಹೇರಿದ ಟ್ರ್ಯಾಕ್ಟರ್ ಒಂದು ನಿಧಾನವಾಗಿ ಹೋಗುತ್ತಿತ್ತು. ಅದರ ಹಿಂದೆ ನಾವು ವೇಗ ತಗ್ಗಿಸಿದೊಡನೆ ನಮ್ಮ ಬೆನ್ನಿಗೇ ಲಾರಿಯೊಂದು ಕಿರ್ರೆಂದು ಬ್ರೇಕು ಹಾಕಿ ಪಕ್ಕಕ್ಕೆ ಬಂತು. ಚಾಲಕ ಕಿಟಕಿಯಿಂದ ಕೂಗಿದ: “ಹಿಂದ ಲೈಟ್ ಇಲ್ಲೋ ಯಪ್ಪಾ!”

ಅಳಿಯ ನಂಬಲಿಲ್ಲ. “ಹತ್ಯಾವಲ್ರೀ ಮಾಮಾ, ಮೀಟರ್ ನೋಡ್ರಿ, ಹೆಂಗ ಝಗಮಗ ಅನ್ನಾಕತ್ತೈತಿ” ಎಂದ. ನಿಜ, ಮೀಟರು ಝಗಮಗ ಎನ್ನುತ್ತಿತ್ತು. ಕಾರಿನ ಮೂತಿಯಲ್ಲಿ ಬಿಳಿಯ ಹಗಲು ದೀಪಗಳೂ ಉರಿಯುತ್ತಿದ್ದವು. ಮುಂದಿನ ಟ್ರ್ಯಾಕ್ಟರಿನ ತಗಡಿನ ಮೇಲೆ ಅವುಗಳ ಮಂದ ಬೆಳಕೂ ಬಿದ್ದಿತ್ತು. ಆದರೆ ದೀಪದ ಸ್ವಿಚ್ಚು ಸೊನ್ನೆಯಲ್ಲೇ ಇತ್ತು. ಹಿಂದಿನ ಕೆಂಪು ದೀಪಗಳು ಹತ್ತಿರಲೇ ಇಲ್ಲ.

ಇದನ್ನು ಚಾಲಕನ ಅಜಾಗರೂಕತೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಾನೂ ಆ ಸಂಜೆ ಹಾಗೆಯೇ ಗದರಿದೆ. ಆಮೇಲೆ ಯೋಚಿಸಿದಾಗ, ಅಳಿಯನಿಗೆ ಸುಳ್ಳು ಹೇಳಿದ್ದು ಅವನ ಎದುರಿನ ಡ್ಯಾಶ್‌ಬೋರ್ಡೇ ಎಂದು ತೋರಿತು. ಹೇಗೆಂದು ನೋಡೋಣ.

ನಿಮ್ಮಲ್ಲಿ ಹಿರಿಯರು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಅಥವಾ ಹಳೆಯ ಮಾರುತಿ 800ರಲ್ಲಿ ಕುಳಿತಿರಬಹುದು. ಆ ಕಾರುಗಳಲ್ಲಿ ವೇಗಮಾಪಕದ ಹಿಂದೆ ಒಂದೆರಡು ಪುಟ್ಟ ಬಲ್ಬುಗಳಿದ್ದವು. ಅವುಗಳಿಗೆ ವಿದ್ಯುತ್ತು ಬರುತ್ತಿದ್ದುದು ಪಾರ್ಕಿಂಗ್ ಲೈಟಿನ ತಂತಿಯಿಂದ. ಸ್ವಿಚ್ಚನ್ನು ಮೊದಲ ಹಂತಕ್ಕೆ ತಿರುಗಿಸಿದರೆ ಮುಂದಿನ ಸಣ್ಣ ದೀಪ, ಹಿಂದಿನ ಕೆಂಪು ದೀಪ, ಮೀಟರಿನ ದೀಪ ಮೂರೂ ಒಟ್ಟಿಗೆ ಹತ್ತುತ್ತಿದ್ದವು. ಕತ್ತಲಾಯಿತೆಂದರೆ ಮೀಟರು ಕಾಣುತ್ತಿರಲಿಲ್ಲ. ಮೀಟರು ಕಾಣಬೇಕಾದರೆ ದೀಪ ಹಾಕಲೇಬೇಕಿತ್ತು. ನೆನಪೋಲೆಗೆ ಬೇರೆ ಸಾಧನವೇ ಬೇಡ.

ವಾಹನ ದೀಪಗಳ ಅಳವಡಿಕೆಗೆ ಸಂಬಂಧಿಸಿದ ವಿಶ್ವಸಂಸ್ಥೆಯ 48ನೆಯ ನಿಯಮ ಈ ಸಂಗತಿಯನ್ನು ಗುರುತಿಸಿದೆ. ಪಾರ್ಕಿಂಗ್ ದೀಪ ಹತ್ತಿದೆ ಎಂದು ತಿಳಿಸುವ ಸೂಚಕ ದೀಪ ಕಡ್ಡಾಯ; ಆದರೆ ಮೀಟರಿನ ಬೆಳಕು ಪಾರ್ಕಿಂಗ್ ದೀಪದ ಜೊತೆಯಲ್ಲಿ ಮಾತ್ರ ಹತ್ತುವಂತಿದ್ದರೆ ಪ್ರತ್ಯೇಕ ಸೂಚಕ ಬೇಕಿಲ್ಲ ಎಂದು ಅದು ಹೇಳುತ್ತದೆ. ಅಂದರೆ ಮೀಟರಿನ ಬೆಳಕೇ ಸೂಚಕ ಎಂಬುದನ್ನು ನಿಯಮ ಬರೆದವರು ಒಪ್ಪಿಕೊಂಡಿದ್ದರು. ಹೆಡ್‌ಲೈಟಿನ ಡಿಮ್ ಬೆಳಕಿಗೆ ಸೂಚಕ ಐಚ್ಛಿಕ. ಬ್ರೈಟ್ ಬೆಳಕಿಗೆ ಮಾತ್ರ ಅದು ಕಡ್ಡಾಯ.

ಆಮೇಲೆ ಮೀಟರಿನ ವಿನ್ಯಾಸ ಬದಲಾಯಿತು. 1989ರಲ್ಲಿ ಬಂದ ಲೆಕ್ಸಸ್ ಎಲ್.ಎಸ್. 400 ಕಾರಿನಲ್ಲಿ ಮೀಟರು ಹಗಲಿನಲ್ಲೂ ತಾನೇ ಹೊಳೆಯುತ್ತಿತ್ತು. ದುಬಾರಿ ಕಾರಿನ ಸೊಬಗು ನಿಧಾನವಾಗಿ ಎಲ್ಲರ ಮನೆಯ ಕಾರಿಗೂ ಇಳಿಯಿತು. ಈಗ ಎಲ್.ಇ.ಡಿ. ಮತ್ತು ಪರದೆಯ ಮೀಟರುಗಳು ಕೀ ತಿರುಗಿಸಿದ ಕ್ಷಣದಿಂದ ಬೆಳಗುತ್ತವೆ. ಮೀಟರಿನ ಬೆಳಕಿಗೂ ಹಿಂದಿನ ಕೆಂಪು ದೀಪಕ್ಕೂ ಇದ್ದ ತಂತಿಯ ನಂಟು ಹರಿದುಹೋಯಿತು. ಚಾಲಕನ ಮನಸ್ಸಿನಲ್ಲಿ ಮಾತ್ರ ಆ ನಂಟು ಹಾಗೆಯೇ ಉಳಿದಿದೆ.

ಗೊಂದಲ ಇಲ್ಲಿಗೇ ನಿಲ್ಲುವುದಿಲ್ಲ. ಇಂಥ ಹಲವು ಕಾರುಗಳಲ್ಲಿ ದೀಪದ ಸ್ವಿಚ್ಚು ಹಾಕಿದರೆ ಮೀಟರಿನ ಬೆಳಕು ತಗ್ಗುತ್ತದೆ. ರಾತ್ರಿ ಕಣ್ಣಿಗೆ ಕುಕ್ಕಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಪರಿಣಾಮ ನೋಡಿ: ದೀಪ ಹಾಕದಿದ್ದಾಗ ಮೀಟರು ಪ್ರಖರ, ಹಾಕಿದಾಗ ಮಂಕು. ಹಳೆಯ ಕಾರಿನಲ್ಲಿ ಕಲಿತ ಪಾಠಕ್ಕೆ ಇದು ಪೂರ್ಣ ತಲೆಕೆಳಗು. ಮಳೆಗಾಲದ ಮಧ್ಯಾಹ್ನ ಮೋಡ ಕವಿದಾಗ ಜಾಗರೂಕನಾದ ಚಾಲಕ ದೀಪ ಹಾಕಿದರೆ, ಮೀಟರು ಓದಲು ಬಾರದಷ್ಟು ಮಂಕಾಗಿ ಅವನೇ ಪುನಃ ಆರಿಸುವುದೂ ಉಂಟು. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಪುಟ್ಟ ಚಕ್ರವೋ ಗುಂಡಿಯೋ ಇರುತ್ತದೆ. ಕಾರು ಕೊಂಡು ಐದು ವರ್ಷವಾದರೂ ಅದು ಎಲ್ಲಿದೆ ಎಂದು ತಿಳಿಯದವರನ್ನು ನಾನು ಕಂಡಿದ್ದೇನೆ.

ಇನ್ನು ಸೂಚಕಗಳ ಚಿತ್ರಲಿಪಿ. ಇವುಗಳಿಗೆ ಐ.ಎಸ್.ಒ. 2575 ಎಂಬ ಅಂತರರಾಷ್ಟ್ರೀಯ ಮಾನಕವೂ, ನಮ್ಮಲ್ಲಿ ಎ.ಐ.ಎಸ್.-071 ಎಂಬ ಮಾನಕವೂ ಇವೆ. ಬ್ರೈಟ್ ಬೆಳಕಿಗೆ ನೀಲಿ ಬಣ್ಣ, ನೇರ ಗೆರೆಗಳು. ಡಿಮ್ ಬೆಳಕಿಗೆ ಹಸಿರು ಬಣ್ಣ, ಕೆಳಕ್ಕೆ ವಾಲಿದ ಗೆರೆಗಳು. ಮಂಜು ದೀಪಕ್ಕೆ ಅದೇ ಗೆರೆಗಳನ್ನು ಸೀಳುವ ಒಂದು ಅಲೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಹಲವು ಕಾರುಗಳಲ್ಲಿ ಹಸಿರು ಸೂಚಕ ಒಂದೇ; ಪಾರ್ಕಿಂಗ್ ದೀಪ ಮಾತ್ರ ಹಾಕಿದರೂ ಅದೇ ಹತ್ತುತ್ತದೆ, ಹೆಡ್‌ಲೈಟು ಹಾಕಿದರೂ ಅದೇ ಹತ್ತುತ್ತದೆ. ಬೀದಿದೀಪಗಳಿರುವ ಪೇಟೆಯಲ್ಲಿ ಚಾಲಕ ಇದನ್ನು ಗಮನಿಸುವುದಿಲ್ಲ. ಊರು ದಾಟಿದ ಮೇಲೆಯೇ ತಿಳಿಯುವುದು. ಈ ನಾಲ್ಕು ಚಿಹ್ನೆಗಳನ್ನು ಕರಿಹಲಗೆಯ ಮೇಲೆ ಬರೆದು ನಿಮ್ಮ ಶಾಲೆಯಲ್ಲಿ ಕಾರು ಓಡಿಸುವ ಶಿಕ್ಷಕರನ್ನೇ ಕೇಳಿ ನೋಡಿ.

ಹೆಡ್‌ಲೈಟಿನ ನೆನಪೋಲೆ ಎಂಬ ಬಜರ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಅದು ಯಾವುದನ್ನು ನೆನಪಿಸುತ್ತದೆ ಎಂಬುದನ್ನೇ ಈಗ ವಿಚಾರಿಸಬೇಕು.

ಮೊದಲು ಲೆಕ್ಕ. ಸಣ್ಣ ಕಾರಿನ ಎರಡು ಹೆಡ್‌ಲೈಟುಗಳು ಡಿಮ್‌ನಲ್ಲಿ 55 ವಾಟಿನಂತೆ 110 ವಾಟ್. ಮುಂದೆ ಹಿಂದೆ 5 ವಾಟಿನ ನಾಲ್ಕು, ನಂಬರ್ ಪ್ಲೇಟಿಗೆ ಒಂದು. ಒಟ್ಟು 135 ವಾಟ್. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 11 ಆಂಪೇರ್. ಬ್ಯಾಟರಿ 35 ಆಂಪೇರ್-ಗಂಟೆಯದಾದರೆ ಮೂರು ಗಂಟೆಯಲ್ಲಿ ಪೂರ್ತಿ ಬರಿದು. (ಆಂಪೇರ್-ಗಂಟೆಯ ಅಂಕವನ್ನು ಸಾಮಾನ್ಯವಾಗಿ 20 ಗಂಟೆಗಳ ನಿಧಾನ ಬಳಕೆಗೆ ಕೊಟ್ಟಿರುತ್ತಾರೆ, ವೇಗವಾಗಿ ಎಳೆದರೆ ಅಷ್ಟೂ ದಕ್ಕುವುದಿಲ್ಲ.) ಎಂಜಿನ್ ಚಾಲೂ ಮಾಡಲು ಸ್ಟಾರ್ಟರಿಗೆ ನೂರಕ್ಕೂ ಮೀರಿದ ಆಂಪೇರ್ ಬೇಕು. ಮದುವೆ ಮನೆಯ ಮುಂದೆ ದೀಪ ಆರಿಸದೆ ನಿಲ್ಲಿಸಿದ ಕಾರನ್ನು ಊಟವಾದ ಮೇಲೆ ತಳ್ಳಬೇಕಾಗುವುದು ಇದರಿಂದಲೇ. ಆದ್ದರಿಂದ ಕೀ ತೆಗೆದರೂ ದೀಪ ಉರಿಯುತ್ತಿದ್ದರೆ ಕೂಗುವ ಬಜರ್ ಬಂತು.

ಇದರ ಮಂಡಲ ಬಹಳ ಜಾಣತನದ್ದು; ತರಗತಿಯಲ್ಲಿ ವಿಭವಾಂತರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಬಜರಿನ ಒಂದು ತುದಿಯನ್ನು ಪಾರ್ಕಿಂಗ್ ದೀಪದ ತಂತಿಗೂ, ಇನ್ನೊಂದನ್ನು ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ತಂತಿಗೂ ಜೋಡಿಸುತ್ತಾರೆ. ಕೀ ಮತ್ತು ದೀಪ ಎರಡೂ ಹಾಕಿದ್ದರೆ ಎರಡು ತುದಿಗಳಲ್ಲೂ 12 ವೋಲ್ಟ್. ವಿಭವಾಂತರ ಸೊನ್ನೆ, ಬಜರ್ ಮೌನ. ಎರಡೂ ಆರಿದ್ದರೆ ಎರಡೂ ಕಡೆ ಸೊನ್ನೆ, ಆಗಲೂ ಮೌನ. ದೀಪ ಹಾಕಿದ್ದು ಕೀ ತೆಗೆದಿದ್ದರೆ ಒಂದು ಕಡೆ 12, ಇನ್ನೊಂದು ಕಡೆ ಸೊನ್ನೆ. ವಿದ್ಯುತ್ತು ಬಜರಿನ ಮೂಲಕ ಹರಿದು, ಕೀ ತಂತಿಗೆ ಅಂಟಿದ ಇತರ ಸಾಧನಗಳ ಮೂಲಕ ಕಾರಿನ ಬಾಡಿಗೆ ಸೇರುತ್ತದೆ. ಬಜರ್ ಕೂಗುತ್ತದೆ.

ಉಳಿದದ್ದು ನಾಲ್ಕನೆಯ ಸ್ಥಿತಿ: ಕೀ ಹಾಕಿದೆ, ಎಂಜಿನ್ ಓಡುತ್ತಿದೆ, ದೀಪ ಹಾಕಿಲ್ಲ. ಆಗಲೂ 12 ವೋಲ್ಟಿನ ವಿಭವಾಂತರ ಇರುತ್ತದೆ, ದಿಕ್ಕು ಮಾತ್ರ ವಿರುದ್ಧ. ಈ ಸ್ಥಿತಿಯಲ್ಲಿ ಬಜರ್ ಕೂಗದಿರಲೆಂದು ಅದರ ಜೊತೆಗೆ ಒಂದು ಡಯೋಡ್ ಹಾಕುತ್ತಾರೆ. ಹಗಲಿಡೀ ಕಾರು ಇದೇ ಸ್ಥಿತಿಯಲ್ಲಿ ಓಡುವುದರಿಂದ ಹಗಲಿಗೆ ಡಯೋಡ್ ಬೇಕೇ ಬೇಕು. ಆದರೆ ರಾತ್ರಿ ಕೊಲ್ಲುವ ಸ್ಥಿತಿಯೂ ಇದೇ ತಾನೆ? ನವಲಗುಂದದ ಆಚೆ ನಮ್ಮ ಕಾರು ಇದ್ದ ಸ್ಥಿತಿ ಅದು. ಬ್ಯಾಟರಿ ಸತ್ತೀತೆಂದು ಕೂಗುವ ಸಾಧನ, ಕುಳಿತವರು ಸತ್ತಾರೆಂದು ಕೂಗದು. ಈಗಿನ ಕಾರುಗಳಲ್ಲಿ ಡಯೋಡಿನ ಬದಲು ಒಂದು ಪುಟ್ಟ ಕಂಪ್ಯೂಟರ್ ಈ ಕೆಲಸ ಮಾಡುತ್ತದೆ; ತೀರ್ಮಾನ ಮಾತ್ರ ಹಳೆಯದೇ.

ಕೂಗುವ ಬಜರಿನ ಪಾಡೂ ಹೇಳಬೇಕು. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಸೀಟ್ ಬೆಲ್ಟಿನ ನೆನಪೋಲೆ, 80 ಕಿಲೋಮೀಟರ್ ವೇಗ ದಾಟಿದರೆ ಎಚ್ಚರಿಕೆ, ಹಿಮ್ಮುಖ ಚಲನೆಗೆ ಸೆನ್ಸರ್ ಇವೆಲ್ಲ ಕಡ್ಡಾಯವಾದವು. ಒಂದೊಂದೂ ಬೇಕಾದದ್ದೇ. ಆದರೆ ಬಾಗಿಲು ತೆರೆದಿದ್ದರೂ ಟಿಂಗ್, ಬೆಲ್ಟು ಹಾಕದಿದ್ದರೂ ಟಿಂಗ್, ದೀಪ ಮರೆತರೂ ಟಿಂಗ್ ಎಂದರೆ ಮನುಷ್ಯನ ಕಿವಿ ಎಷ್ಟೆಂದು ಕೇಳೀತು? ಅಳಿಯ ಕಾರಿಳಿಯುವಾಗ ಕೇಳುವ ಯಾವ ಟಿಂಗಿಗೂ ತಿರುಗಿ ನೋಡುವುದಿಲ್ಲ.

ಬೆಳಕಿನ ಬಣ್ಣದ ಬಗ್ಗೆಯೂ ಒಂದು ಮಾತು. ಮಂದ ಬೆಳಕಿನಲ್ಲಿ ನಮಗೆ ಕಾಣಿಸುವುದು ಅಕ್ಷಿಪಟಲದ ದಂಡಕೋಶಗಳಿಂದ. ಇವು ಕತ್ತಲೆಗೆ ಪೂರ್ಣ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅವುಗಳ ಗ್ರಹಣಶಕ್ತಿ ಅತಿ ಹೆಚ್ಚಿರುವುದು ಸುಮಾರು 507 ನ್ಯಾನೊಮೀಟರ್ ತರಂಗದೂರದ ನೀಲಿ-ಹಸಿರಿಗೆ. ಕಡುಗೆಂಪು ಬೆಳಕು ಅವನ್ನು ಹೆಚ್ಚು ಬಾಧಿಸುವುದಿಲ್ಲ. ಬಿ.ಎಂ.ಡಬ್ಲ್ಯು. ಕಂಪನಿ ದಶಕಗಳ ಕಾಲ ಕಿತ್ತಳೆ-ಕೆಂಪು ಮೀಟರನ್ನೇ ಇಟ್ಟುಕೊಂಡಿತ್ತು. ಅದೇ ದೇಶದ ಫೋಕ್ಸ್‌ವ್ಯಾಗನ್ 1990ರ ದಶಕದ ಕೊನೆಯಲ್ಲಿ ನೀಲಿಯನ್ನು ಆರಿಸಿತು. ನೋಡಲು ಅಂದ, ಆದರೆ ನೀಲಿ ಬೆಳಕು ಕಣ್ಣಿನ ಮಸೂರದಲ್ಲಿ ಉಳಿದ ಬಣ್ಣಗಳಿಗಿಂತ ಹೆಚ್ಚು ಬಾಗಿ ಅಕ್ಷಿಪಟಲಕ್ಕಿಂತ ಮುಂದೆಯೇ ಕೇಂದ್ರೀಕರಿಸುತ್ತದೆ. ಅಕ್ಷರದ ಅಂಚು ಮಸುಕಾಗುತ್ತದೆ. ಐವತ್ತು ದಾಟಿದ ನನ್ನಂಥ ಕನ್ನಡಕದವರಿಗೆ ಇದು ಅನುಭವದ ವಿಷಯ. ಈಗಿನ ಪರದೆಗಳ ಬಿಳಿ ಬೆಳಕಿನಲ್ಲೂ ನೀಲಿಯ ಪಾಲು ಕಡಿಮೆಯಿಲ್ಲ.

ಹಾಗಾದರೆ ದೀಪ ಯಾವಾಗ ಹಾಕಬೇಕು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೆಯ ನಿಯಮದಂತೆ ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ, ಮತ್ತು ಸಾಕಷ್ಟು ಬೆಳಕಿಲ್ಲದ ಯಾವುದೇ ಹೊತ್ತಿನಲ್ಲಿ. ಬ್ರಿಟನ್ನಿನ ರಸ್ತೆ ಕಾನೂನಿನಲ್ಲೂ ಕತ್ತಲೆಯ ಹೊತ್ತಿಗೆ ಇದೇ ಅರ್ಧ ಗಂಟೆಯ ಲೆಕ್ಕವಿದೆ. ಆದರೆ ಲಂಡನ್ನಿನ ಅರ್ಧ ಗಂಟೆಯೂ ನರಗುಂದದ ಅರ್ಧ ಗಂಟೆಯೂ ಒಂದೇ ಅಲ್ಲ. ವಿಷುವದ ದಿನ ಸೂರ್ಯ ದಿಗಂತದಿಂದ ಕೆಳಗಿಳಿಯುವ ವೇಗ ಗಂಟೆಗೆ 15 ಡಿಗ್ರಿಯನ್ನು ಅಕ್ಷಾಂಶದ ಕೊಸೈನಿನಿಂದ ಗುಣಿಸಿದಷ್ಟು. ಲಂಡನ್ನಿನ ಅಕ್ಷಾಂಶ 51.5 ಡಿಗ್ರಿ, ಅಲ್ಲಿ ಅರ್ಧ ಗಂಟೆಯಲ್ಲಿ ಸೂರ್ಯ ಸುಮಾರು 4.7 ಡಿಗ್ರಿ ಇಳಿಯುತ್ತಾನೆ. ನರಗುಂದದ್ದು 15.7 ಡಿಗ್ರಿ; ಇಲ್ಲಿ 7.2 ಡಿಗ್ರಿ. ಸೂರ್ಯ 6 ಡಿಗ್ರಿ ಕೆಳಗಿಳಿಯುವವರೆಗಿನದನ್ನು ನಾಗರಿಕ ಸಂಧ್ಯಾಕಾಲ ಎನ್ನುತ್ತಾರೆ. ಅಷ್ಟು ಹೊತ್ತು ದೀಪವಿಲ್ಲದೆ ಹೊರಗಿನ ಕೆಲಸ ನಡೆಯುತ್ತದೆ. ಲಂಡನ್ನಿನಲ್ಲಿ ಅರ್ಧ ಗಂಟೆಯಾದರೂ ಸಂಧ್ಯೆ ಮುಗಿದಿರುವುದಿಲ್ಲ. ನಮ್ಮಲ್ಲಿ ಮುಗಿದು ಕೆಲವು ನಿಮಿಷಗಳೇ ಆಗಿರುತ್ತವೆ. ಆದ್ದರಿಂದ ನಮ್ಮೂರಿನ ಚಾಲಕ ಹಿಡಿಯಬೇಕಾದದ್ದು ನಿಯಮದ ಮೊದಲ ಭಾಗವನ್ನಲ್ಲ, “ಸಾಕಷ್ಟು ಬೆಳಕಿಲ್ಲದ” ಎಂಬ ಎರಡನೆಯ ಭಾಗವನ್ನು. ಅದನ್ನು ತೀರ್ಮಾನಿಸಬೇಕಾದ ಕಣ್ಣಿನ ಮುಂದೆಯೇ ಝಗಮಗಿಸುವ ಪರದೆ ಇಟ್ಟಿದ್ದೇವೆ.

ಪರಿಹಾರ ಇಲ್ಲವೆಂದಲ್ಲ. 2017ರ ಏಪ್ರಿಲ್ 1ರಿಂದ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಮುಂದಿನ ದೀಪ ತಾನೇ ಹತ್ತಬೇಕು, ಮರೆಯಲು ಅವಕಾಶವಿಲ್ಲ. ಕಾರುಗಳ ವಿಷಯದಲ್ಲಿ ಕೆನಡ ಮಾಡಿದ್ದು ಗಮನಾರ್ಹ. ಹಗಲು ದೀಪವನ್ನು ಬಹಳ ಹಿಂದೆಯೇ ಕಡ್ಡಾಯ ಮಾಡಿದ್ದ ಆ ದೇಶದಲ್ಲಿ, ಮುಂದೆ ಬೆಳಕು ಹಿಂದೆ ಕತ್ತಲೆಯಾಗಿ ಓಡುವ ಕಾರುಗಳಿಗೆ “ಭೂತ ವಾಹನ” ಎಂಬ ಹೆಸರೇ ಬಿದ್ದಿತ್ತು. 2021ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ವಾಹನಗಳು ಮೂರರಲ್ಲಿ ಒಂದನ್ನು ಪಾಲಿಸಬೇಕು: ಹಗಲು ದೀಪದ ಜೊತೆ ಹಿಂದಿನ ದೀಪವೂ ಹತ್ತಬೇಕು, ಇಲ್ಲವೆ ಕತ್ತಲಾದಾಗ ಎಲ್ಲ ದೀಪಗಳೂ ತಾವೇ ಹತ್ತಬೇಕು, ಇಲ್ಲವೆ ಚಾಲಕನ ಮುಂದಿನ ಮೀಟರು ಕತ್ತಲಾಗಿಯೇ ಇರಬೇಕು. ಮೂರನೆಯದು ನಮ್ಮ ಅಂಬಾಸಿಡರಿನ ಉಪಾಯವೇ! ಅದಕ್ಕೆ ಸೆನ್ಸರ್ ಬೇಡ, ಕಂಪ್ಯೂಟರ್ ಬೇಡ.

ನಮ್ಮಲ್ಲಿ ತಾನೇ ಹತ್ತುವ ಹೆಡ್‌ಲೈಟನ್ನು ಸಾಮಾನ್ಯವಾಗಿ ಹೆಚ್ಚು ಬೆಲೆಯ ಮಾದರಿಯಲ್ಲಿ ಅಲಂಕಾರದಂತೆ ಮಾರುತ್ತಾರೆ. ಕೆಳಗಿನ ಮಾದರಿಗೆ ಹೊಳೆಯುವ ಮೀಟರು ಸಿಗುತ್ತದೆ, ಆ ಸೆನ್ಸರ್ ಸಿಗುವುದಿಲ್ಲ. ಇದು ನನ್ನ ಮುಖ್ಯ ಆಕ್ಷೇಪಣೆ. ಗೊಂದಲವನ್ನು ಎಲ್ಲರಿಗೂ ಹಂಚಿ, ಅದರ ಮದ್ದನ್ನು ಮಾತ್ರ ಹೆಚ್ಚು ಕೊಟ್ಟವರಿಗೆ ಮಾರುವುದು ಸರಿಯಲ್ಲ. ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ಎಲ್.ಡಿ.ಆರ್. ಎಂಬ ಬಿಡಿಭಾಗ ಪೇಟೆಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ.

ನೀವೇ ಮಾಡಿ ನೋಡಬಹುದು. ನಾಲ್ಕು ಪೆನ್ಸಿಲ್ ಸೆಲ್ಲು, 6 ವೋಲ್ಟಿನ ಎರಡು ಬಲ್ಬು, ಎರಡು ಸ್ವಿಚ್ಚು. ಒಂದು ಬಲ್ಬು ದೀಪವೆಂದೂ ಇನ್ನೊಂದು ಎಂಜಿನ್ ಎಂದೂ ಇಟ್ಟುಕೊಳ್ಳಿ. ಎರಡು ಸ್ವಿಚ್ಚುಗಳ ಬಲ್ಬಿನ ಕಡೆಯ ತುದಿಗಳ ನಡುವೆ ಒಂದು ಬಜರ್ ಮತ್ತು ಡಯೋಡ್ ಜೋಡಿಸಿದರೆ ಕಾರಿನ ನೆನಪೋಲೆ ಸಿದ್ಧ. ಇನ್ನು ಅದೇ ಎರಡು ತುದಿಗಳ ನಡುವೆ ವಿರುದ್ಧ ದಿಕ್ಕಿನಲ್ಲಿ ಇನ್ನೊಂದು ಬಜರ್ ಹಾಕಿ, ಅದರ ದಾರಿಯಲ್ಲಿ ಎಲ್.ಡಿ.ಆರ್.ನಿಂದ ನಿಯಂತ್ರಿತವಾದ ಒಂದು ಟ್ರಾನ್ಸಿಸ್ಟರ್ ಇಡಿ. ಎಲ್.ಡಿ.ಆರ್. ಮೇಲೆ ಕೈ ಮುಚ್ಚಿದಾಗ, ಎಂಜಿನ್ ಹಾಕಿದ್ದು ದೀಪ ಹಾಕದಿದ್ದರೆ, ಈ ಬಜರ್ ಕೂಗಬೇಕು. ದೀಪ ಹಾಕಿದೊಡನೆ ವಿಭವಾಂತರ ಸೊನ್ನೆಯಾಗಿ ತಾನೇ ಸುಮ್ಮನಾಗಬೇಕು. ಆಲದ ಮರದ ನೆರಳಿಗೆಲ್ಲ ಕೂಗದಂತೆ ಕೆಲವು ಸೆಕೆಂಡು ತಡ ಮಾಡಿಸುವುದು ಹೇಗೆಂದು ಮೇಲಿನ ತರಗತಿಯವರು ಯೋಚಿಸಲಿ.

ಜೊತೆಗೆ ಇನ್ನೊಂದು ಕೆಲಸ. ಒಂದು ಸಂಜೆ ಶಿಕ್ಷಕರ ಜೊತೆ ಹೆದ್ದಾರಿಯಿಂದ ದೂರದ, ಸುರಕ್ಷಿತವಾದ ಮಾಳಿಗೆಯ ಮೇಲೆ ನಿಲ್ಲಿ. ಸೂರ್ಯಾಸ್ತದಿಂದ ನಲವತ್ತು ನಿಮಿಷಗಳ ಕಾಲ, ಹತ್ತು ಹತ್ತು ನಿಮಿಷಗಳ ಕಂತಿನಲ್ಲಿ, ಹೋಗುವ ಕಾರುಗಳನ್ನು ಮೂರು ಸಾಲಿನಲ್ಲಿ ಎಣಿಸಿ: ಹಿಂದೆ ಮುಂದೆ ಎರಡೂ ಹತ್ತಿದವು, ಎರಡೂ ಹತ್ತದವು, ಮುಂದೆ ಮಾತ್ರ ಹತ್ತಿದವು. ಮೂರನೆಯ ಸಾಲು ಯಾವ ಕಂತಿನಲ್ಲಿ ಅತಿ ಉದ್ದವಾಗುತ್ತದೆ ಎಂದು ಗುರುತಿಸಿ. ನಮ್ಮ ಅಳಿಯ ಶನಿವಾರ ಸಂಜೆ ಆ ದಾರಿಯಲ್ಲೇ ಬರುತ್ತಾನೆ. ಅವನು ಯಾವ ಸಾಲಿನಲ್ಲಿದ್ದಾನೆ ಎಂದು ನನಗೂ ತಿಳಿಸಿ.