ಇಪ್ಪತ್ತು ಎಂಎಲ್‌ನ ಕೈಚಳಕ

ಮಳೆಗಾಲದಲ್ಲಿ ಮಲೆನಾಡಿನ ಅಡಿಕೆ ತೋಟಗಳಲ್ಲಿ ಗುಂಯ್‌ಗುಡುವ ಕಳೆ ಕೊಚ್ಚುವ ಯಂತ್ರ ಟೂ ಸ್ಟ್ರೋಕ್ ಆಗಿದ್ದರೆ, ಅದಕ್ಕೆ ಬರೀ ಪೆಟ್ರೋಲು ಕುಡಿಸಿದರೆ ಕತೆ ಮುಗಿದಂತೆ. ಆಯಿಲಿಗೆ ಅದರಲ್ಲಿ ಬೇರೆ ಜಾಗವೇ ಇಲ್ಲ. ಪೆಟ್ರೋಲು ಕ್ರ್ಯಾಂಕ್‌ಕೇಸಿನ ಮೂಲಕ ಹಾದುಹೋಗುವಾಗ ಜೊತೆಗೆ ಹೊತ್ತು ತಂದ ಎಣ್ಣೆಯೇ ಬೇರಿಂಗು, ಪಿಸ್ಟನ್ನುಗಳನ್ನು ಸವೆಯದಂತೆ ಕಾಯಬೇಕು.

ಎಂಜಿನ್ನಿನ ಆಯುಸ್ಸು ಬೆರೆಸುವವನ ಕೈಯಲ್ಲಿ.

ಪಳಗಿದ ಕೆಲಸಗಾರ ಮೊದಲು ಕ್ಯಾನಿಗೆ ಅರ್ಧ ಪೆಟ್ರೋಲು ಸುರಿಯುತ್ತಾನೆ. ಯಂತ್ರದ ಕೈಪಿಡಿ 50:1 ಎಂದಿದ್ದರೆ ಲೀಟರಿಗೆ 20 ಎಂಎಲ್ 2ಟಿ ಆಯಿಲು, 25:1 ಆದರೆ 40. ಅಳತೆಗೆ ಸೂಜಿಯಿಲ್ಲದ ಸಿರಿಂಜು ಸಾಕು. ಕುಲುಕಿ, ಉಳಿದರ್ಧ ಸುರಿದು, ಮತ್ತೆ ಕುಲುಕುತ್ತಾನೆ. ಹಲವು ಆಯಿಲುಗಳಿಗೆ ನೀಲಿಯೋ ಹಸಿರೋ ಬಣ್ಣ ಹಾಕಿರುವುದು ಚಂದಕ್ಕಲ್ಲ. ಬೆರೆಸಿದ ಕ್ಯಾನು ಯಾವುದು, ಬೆರೆಸದ್ದು ಯಾವುದು ಎಂದು ಕಣ್ಣಿಗೇ ಗೊತ್ತಾಗಲೆಂದು.

‘ಒಂದು ಮುಚ್ಚಳ ಜಾಸ್ತಿಯೇ ಇರಲಿ’ ಎನ್ನುವ ಧಾರಾಳತನ ಇಲ್ಲಿ ನಡೆಯದು. ಹೊಗೆ ಏಳುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಕಡಿಮೆಯಾದರೆ ಇನ್ನೂ ದುಬಾರಿ: ಪಿಸ್ಟನ್ ಜಾಮ್.

ಬಂಕಿನ ಪೆಟ್ರೋಲಿನಲ್ಲಿ ಈಗ ಎಥನಾಲೂ ಇದೆ. ಅದು ಗಾಳಿಯ ತೇವ ಹೀರುತ್ತದೆ. ನೀರು ಮಿತಿಮೀರಿದರೆ ಎರಡೂ ಒಟ್ಟಾಗಿ ಕ್ಯಾನಿನ ತಳಕ್ಕಿಳಿಯುತ್ತವೆ. ಆಷಾಢದ ಮಲೆನಾಡಿನಲ್ಲಿ ತೇವಕ್ಕೇನು ಬರವೇ! ಅದಕ್ಕೇ ಜಾಣರು ಬೇಕಾದಷ್ಟೇ ಬೆರೆಸಿ, ಮುಚ್ಚಳ ಬಿಗಿ ಮಾಡಿ, ಹಂಗಾಮು ಮುಗಿದಾಗ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಉರಿದು ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿಡುತ್ತಾರೆ.