ಮೂರನೇ ಸಲ ಕೂಗುವ ಮುನ್ನ

ಎರಡು ವರ್ಷದ ಹಿಂದೆ ತ್ಯಾವಣಿಗೆಯಲ್ಲಿ ನಮ್ಮ ಹುಡುಗರು ನಡೆಸಿದ ಟೆನಿಸ್ ಬಾಲ್ ಟೂರ್ನಮೆಂಟಿಗೆ ಆಟಗಾರರ ಹರಾಜು ಕೂಗಿದವನು ನಾನು. ಆರು ತಂಡ, ತಂಡಕ್ಕೆ ಹತ್ತು ಸಾವಿರ ಪಾಯಿಂಟ್. ದುಡ್ಡಿನ ವ್ಯವಹಾರ ಏನೂ ಇಲ್ಲ, ಬರೀ ಪಾಯಿಂಟ್. ಆದರೂ ಮೈಕು, ಶಾಮಿಯಾನ, ಮೇಜಿನ ಮೇಲೆ ಒಂದು ಮರದ ಸುತ್ತಿಗೆ, ಮೊಬೈಲಿನಲ್ಲಿ ಲೈವ್, ಎಲ್ಲವೂ ಇತ್ತು. ನಾನು ಕನ್ನಡ ಎಂ.ಎ. ಮಾಡಿದವನು, ಗಂಟಲು ದೊಡ್ಡದು, ಹಾಗಾಗಿ ಮೈಕು ನನ್ನ ಕೈಗೆ ಬಂತು.

ಸಂಜೆ ಏಳರ ಹೊತ್ತಿಗೆ ಒಬ್ಬ ಹುಡುಗನ ಹೆಸರು ಬಂತು. ಟ್ರಾಕ್ಟರ್ ಓಡಿಸುತ್ತಾನೆ, ಕಾಲಬುಡಕ್ಕೇ ಯಾರ್ಕರ್ ಹಾಕುತ್ತಾನೆ. ಹೆಸರು ಕೂಗಿದೆ. ಮೂಲ ಬೆಲೆ ಇನ್ನೂರು ಪಾಯಿಂಟ್ ಅಂದೆ. ಆರು ಮೇಜಿನಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಒಂದು ಸಲ, ಎರಡು ಸಲ, ಮೂರು ಸಲ. ಅವನು ಎದುರಿಗೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ, ಪಕ್ಕದಲ್ಲಿ ಅವನ ಅಪ್ಪ. ನಾನು ಟಿವಿಯಲ್ಲಿ ಕೇಳಿದ ಧಾಟಿಯಲ್ಲೇ "ಅನ್‌ಸೋಲ್ಡ್" ಅಂದೆ. ಯಾರೋ ಶಿಳ್ಳೆ ಹೊಡೆದರು. ಊಟದ ಹೊತ್ತಿಗೆ ಅವನು ಹತ್ತಿರ ಬಂದು ಮೆಲ್ಲಗೆ, "ಇನ್ನೊಂದ್ ಸಲ ಕೂಗಣ, ಕೆಲವ್ರಿಗೆ ಕೇಳ್ಸಿಲ್ಲೇನೋ" ಅಂದ. ಕೊನೆಯ ಸುತ್ತಿನಲ್ಲಿ ಮತ್ತೆ ಕೂಗಿದೆ. ಎಲ್ಲರಿಗೂ ಚೆನ್ನಾಗಿಯೇ ಕೇಳಿಸಿತ್ತು.

ಆವತ್ತಿನಿಂದ ಐಪಿಎಲ್ ಹರಾಜನ್ನು ಮೊದಲಿನ ಹಾಗೆ ನೋಡಲು ನನಗೆ ಆಗಿಲ್ಲ. 2008ರ ಫೆಬ್ರುವರಿ 20ರಂದು ಮುಂಬೈಯಲ್ಲಿ ಮೊದಲ ಹರಾಜು ನಡೆದು, ಮಹೇಂದ್ರ ಸಿಂಗ್ ಧೋನಿಯನ್ನು ಚೆನ್ನೈ 15 ಲಕ್ಷ ಡಾಲರಿಗೆ ಕೊಂಡಾಗಿನಿಂದ ನಾನು ಇದರ ಪ್ರೇಕ್ಷಕ. ಆರ್‌ಸಿಬಿ ಅಭಿಮಾನಿಗಳಿಗೆ ಹರಾಜಿನ ದಿನ ಆಟದ ದಿನಕ್ಕಿಂತ ದೊಡ್ಡದಾಗಿತ್ತು. ಸೋಲಲು ಅವಕಾಶವಿಲ್ಲದ ದಿನ ಅದೊಂದೇ ತಾನೆ. ಈಗ ಅದನ್ನು ಒಂದು ಕೃತಿಯ ಹಾಗೆ ಓದಬೇಕು ಅನ್ನಿಸುತ್ತದೆ. ಅದಕ್ಕೊಂದು ಕಟ್ಟಡವಿದೆ, ಪಾತ್ರಗಳಿವೆ, ಯಾರಿಗೆ ಮಾತು ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಲೆಕ್ಕವೂ ಇದೆ.

ಹರಾಜು ನಮಗೆ ಹೊಸದಲ್ಲ. ನಮ್ಮ ಸೀಮೆಯವರಿಗೆ ಎರಡು ಬಗೆಯ ಸವಾಲು ಚಿಕ್ಕಂದಿನಿಂದ ಗೊತ್ತು. ಒಂದು, ತೇರಿನ ಸವಾಲು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ರಥ ಹೊರಡುವ ಮೊದಲು ಮುಕ್ತಿ ಬಾವುಟವನ್ನು ಹರಾಜು ಹಾಕುತ್ತಾರೆ, ಲಕ್ಷಗಟ್ಟಲೆಗೆ ಹೋಗುತ್ತದೆ. ಅಲ್ಲಿ ಬೆಲೆ ಏರಿದಷ್ಟೂ ಹೆಸರು ಬರುವುದು ಕೊಂಡವನಿಗೆ. ಬಾವುಟಕ್ಕೆ ಏನೂ ಆಗುವುದಿಲ್ಲ. ಒಂದು ವರ್ಷ ಕಡಿಮೆಗೆ ಹೋದರೆ ಅದರ ಪಾವಿತ್ರ್ಯ ಇಳಿಯಿತು ಅಂತ ಯಾರೂ ಹೇಳುವುದಿಲ್ಲ. ಇನ್ನೊಂದು, ಅಡಿಕೆ ಟೆಂಡರು. ಚನ್ನಗಿರಿಯ ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸಿ ಇಟ್ಟ ಮಾಲಿಗೆ ವರ್ತಕರು ಧಾರಣೆ ಬರೆಯುತ್ತಾರೆ. ಧಾರಣೆ ಒಪ್ಪಿಗೆಯಾಗದಿದ್ದರೆ ರೈತ ಆ ವಾರ ಮಾಲು ಕೊಡುವುದಿಲ್ಲ, ಕಾಯುತ್ತಾನೆ. ಮಾಲಿಗೆ ಮಾತಿಲ್ಲ, ಮಾಲಿನ ಒಡೆಯನಿಗೆ ಇದೆ.

ಆಟಗಾರನ ಹರಾಜಿನಲ್ಲಿ ಮಾಲೂ ಅವನೇ, ಒಡೆಯನೂ ಅವನೇ ಆಗಬೇಕಿತ್ತು. ಅವನು ಹೆಸರು ನೋಂದಾಯಿಸಿ, ಮೂಲ ಬೆಲೆ ಬರೆದುಕೊಟ್ಟ ಮೇಲೆ ಅವನ ಮಾತು ಮುಗಿಯಿತು. ಯಾವ ಊರು, ಯಾವ ತಂಡ, ಯಾವ ನಾಯಕನ ಕೈಕೆಳಗೆ ಎಂಬುದು ಅವನ ಕೈಯಲ್ಲಿಲ್ಲ. ಹರಾಜಾದ ಮೇಲೆ ಸಕಾರಣವಿಲ್ಲದೆ ಹಿಂದೆ ಸರಿದರೆ ಎರಡು ವರ್ಷ ನಿಷೇಧ. 2025ರಲ್ಲಿ ಇಂಗ್ಲೆಂಡಿನ ಹ್ಯಾರಿ ಬ್ರೂಕ್‌ಗೆ ಅದೇ ಆಯಿತು. ತಂಡಗಳು ನಂಬಿ ಯೋಜನೆ ಹಾಕಿರುತ್ತವೆ ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೂ ನಮ್ಮ ಅಡಿಕೆ ಬೆಳೆಗಾರನಿಗೆ ಇರುವಷ್ಟು ಹಕ್ಕು ಶತಕ ಹೊಡೆಯುವವನಿಗೆ ಇಲ್ಲವಲ್ಲ ಅನ್ನಿಸುತ್ತದೆ. ಟಿವಿ ಕ್ಯಾಮೆರಾ ಕೂಡ ಇದಕ್ಕೆ ತಕ್ಕ ಹಾಗೇ ತಿರುಗುತ್ತದೆ. ಅದು ತೋರಿಸುವುದು ಮಾಲೀಕರ ಮೇಜನ್ನು, ಅಲ್ಲಿಯ ಪಿಸುಮಾತನ್ನು, ಎತ್ತಿದ ಫಲಕವನ್ನು. ಆಟಗಾರ ಪರದೆಯ ಮೂಲೆಯಲ್ಲಿ ಒಂದು ಫೋಟೋ. ಈ ನಾಟಕದ ನಾಯಕ ಬೆಲೆ.

ಬೆಲೆಗೆ ನಾಯಕನ ಪಾತ್ರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕೃಷ್ಣಪ್ಪ ಗೌತಮ್ ಅವರ ಉದಾಹರಣೆ ಸಾಕು. 2021ರ ಹರಾಜಿನಲ್ಲಿ 20 ಲಕ್ಷ ಮೂಲ ಬೆಲೆಯ ಅವರನ್ನು ಚೆನ್ನೈ 9.25 ಕೋಟಿಗೆ ಕೊಂಡಿತು. ಆ ಋತುವಿನಲ್ಲಿ ಒಂದೂ ಪಂದ್ಯ ಆಡಿಸಲಿಲ್ಲ. ಮುಂದಿನ ವರ್ಷ ಲಖನೌ 90 ಲಕ್ಷಕ್ಕೆ ಕೊಂಡಿತು. ಆಡದೇ ಇದ್ದ ಮನುಷ್ಯನ ಬೆಲೆ ಒಂದೇ ವರ್ಷದಲ್ಲಿ ಹತ್ತು ಪಟ್ಟು ಇಳಿದಿದ್ದು ಹೇಗೆ? ಅವರ ಆಫ್ ಸ್ಪಿನ್ನಿನಲ್ಲಿ ಅದಕ್ಕೆ ಉತ್ತರವಿಲ್ಲ. ಆ ಹೊತ್ತಿಗೆ ಯಾರ ಚೀಲದಲ್ಲಿ ಎಷ್ಟು ಉಳಿದಿತ್ತು, ಎದುರು ಮೇಜಿನವರಿಗೆ ಎಷ್ಟು ಹಟವಿತ್ತು ಎಂಬುದರಲ್ಲಿದೆ. ಬೆಳಿಗ್ಗೆ ಹೆಸರು ಬಂದವನಿಗೆ ಒಂದು ಧಾರಣೆ, ಸಂಜೆ ಬಂದವನಿಗೆ ಒಂದು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಒಬ್ಬ ಸೊನ್ನೆಗೆ ಔಟಾದರೆ "ಇಷ್ಟು ಕೋಟಿಯ ಆಸಾಮಿ ನೋಡ್ರಪ್ಪ" ಅನ್ನುತ್ತೇವೆ. ನಾನೂ ಅಂದಿದ್ದೇನೆ.

ಅಮೆರಿಕದವರ ಫುಟ್‌ಬಾಲಿನಲ್ಲಿ, ಅಂದರೆ ಹೆಲ್ಮೆಟ್ ಹಾಕಿ ಕೈಯಲ್ಲಿ ಚೆಂಡು ಹಿಡಿದು ಓಡುವ ಎನ್‌ಎಫ್‌ಎಲ್‌ನಲ್ಲಿ, ಹೊಸಬರನ್ನು ಹಂಚಿಕೊಳ್ಳುವುದು ಡ್ರಾಫ್ಟಿನ ಮೂಲಕ. ಬರ್ಟ್ ಬೆಲ್ ಎಂಬ ಫಿಲಡೆಲ್ಫಿಯಾ ತಂಡದ ಮಾಲೀಕ ಈ ಯೋಚನೆ ಮುಂದಿಟ್ಟ. ಮೊದಲ ಡ್ರಾಫ್ಟ್ 1936ರಲ್ಲಿ ನಡೆಯಿತು. ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ, ಗೆದ್ದವರಿಗೆ ಕೊನೆಯದು. ಕೇಳಲು ನ್ಯಾಯವಾಗಿದೆ. ನಾವು ಶಾಲೆಯ ಬಯಲಿನಲ್ಲಿ ಮಾಡುತ್ತಿದ್ದದ್ದೂ ಅದೇ: ಇಬ್ಬರು ಕ್ಯಾಪ್ಟನ್, ಸರದಿಯ ಮೇಲೆ ಒಬ್ಬೊಬ್ಬರನ್ನು ಕರೆಯುವುದು, ಕೊನೆಗೆ ಉಳಿದವನು ಎರಡೂ ಕಡೆ ಆಡುವ ಕಾಮನ್ ಪ್ಲೇಯರ್.

ಆದರೆ ಡ್ರಾಫ್ಟಿನಲ್ಲೂ ಆಟಗಾರನಿಗೆ ಆಯ್ಕೆಯಿಲ್ಲ. ಅಲ್ಲಿ ಬೆಲೆಯ ಬದಲು ಒಂದು ಸಂಖ್ಯೆ ಅಂಟಿಕೊಳ್ಳುತ್ತದೆ. ಆ ಮೊದಲ ಡ್ರಾಫ್ಟಿನ ಮೊದಲ ಆಯ್ಕೆ ಜೇ ಬರ್ವಾಂಗರ್ ವೃತ್ತಿಪರ ಫುಟ್‌ಬಾಲನ್ನು ಆಡಲೇ ಇಲ್ಲ. 2000ನೇ ಇಸವಿಯಲ್ಲಿ 199ನೆಯವನಾಗಿ ಆರಿಸಲ್ಪಟ್ಟ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ ಗೆದ್ದ. ಸರದಿ ಇರಲಿ, ಸವಾಲು ಇರಲಿ, ಆರಿಸುವವನ ಕಣ್ಣಿಗೆ ಪೊರೆ ಬರುವುದು ತಪ್ಪುವುದಿಲ್ಲ.

ನಮ್ಮಲ್ಲೂ ಒಮ್ಮೆ ಡ್ರಾಫ್ಟ್ ನಡೆದಿತ್ತು, ಬಹಳ ಜನ ಮರೆತಿದ್ದಾರೆ. 2008ರ ಮಾರ್ಚಿನಲ್ಲಿ, 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ಐಪಿಎಲ್ ತಂಡಗಳು ಹರಾಜಿನಲ್ಲಲ್ಲ, ಸರದಿಯ ಮೇಲೆ ಹಂಚಿಕೊಂಡವು. ದೆಹಲಿಗೆ ಮೊದಲೇ ಅವಕಾಶ ಸಿಕ್ಕಿತು. ಆ ತಂಡದಲ್ಲಿ ಬ್ಯಾಟ್ಸ್‌ಮನ್‌ಗಳು ಬೇಕಾದಷ್ಟಿದ್ದರು, ಹಾಗಾಗಿ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು. ಅವರದೇ ಊರಿನ, ಆ ವಿಶ್ವಕಪ್ ತಂಡದ ನಾಯಕನಾಗಿದ್ದ ಹುಡುಗನನ್ನು ಬೆಂಗಳೂರು ಕರೆದುಕೊಂಡಿತು. ಆ ಹುಡುಗ ವಿರಾಟ್ ಕೊಹ್ಲಿ. ಆಮೇಲೆ ಅವರು ಬೇರೆ ತಂಡಕ್ಕೆ ಆಡಲೇ ಇಲ್ಲ, ಒಮ್ಮೆಯೂ ಹರಾಜಿನ ಸುತ್ತಿಗೆಯ ಕೆಳಗೆ ಬರಲಿಲ್ಲ.

ಇಲ್ಲಿಂದ ನೋಡುತ್ತಾ ಹೋದರೆ ಆರ್‌ಸಿಬಿಯ ಚರಿತ್ರೆ ವಿಚಿತ್ರವಾಗಿ ಕಾಣುತ್ತದೆ. 2011ರ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾರೂ ಕೊಳ್ಳಲಿಲ್ಲ. ಡರ್ಕ್ ನ್ಯಾನೆಸ್ ಗಾಯಗೊಂಡಾಗ ಬದಲಿಯಾಗಿ ಬಂದವರು ಆ ವರ್ಷ 608 ರನ್ ಹೊಡೆದರು. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿಯಲ್ಲಿ ಪುಣೆ ವಿರುದ್ಧ ಅಜೇಯ 175. 2022ರ ಹರಾಜಿನಲ್ಲಿ ರಜತ್ ಪಾಟಿದಾರ್ ಮಾರಾಟವಾಗಲಿಲ್ಲ. ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡು ಹೊರಬಿದ್ದಾಗ ಒಳಬಂದರು, ಎಲಿಮಿನೇಟರಿನಲ್ಲಿ ಲಖನೌ ವಿರುದ್ಧ ಅಜೇಯ 112 ಹೊಡೆದರು. 2024ರ ನವೆಂಬರಿನಲ್ಲಿ ಜಿದ್ದಾದಲ್ಲಿ ನಡೆದ ಹರಾಜಿನಲ್ಲಿ ನಮ್ಮ ಮಯಂಕ್ ಅಗರ್ವಾಲ್ ಅವರಿಗೆ ಒಂದು ಕೈಯೂ ಏಳಲಿಲ್ಲ. ದೇವದತ್ತ ಪಡಿಕ್ಕಲ್ ಗಾಯಗೊಂಡಾಗ ಬದಲಿಯಾಗಿ ಬಂದು, 2025ರ ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ 24 ರನ್ ಹೊಡೆದರು. ಆ ಪಂದ್ಯ ಗೆದ್ದದ್ದು ಆರು ರನ್ನಿನಿಂದ. ಕಪ್ ಎತ್ತಿದ ನಾಯಕ ಪಾಟಿದಾರ್. ಹದಿನೆಂಟು ವರ್ಷದ ಕಾಯುವಿಕೆ ಮುಗಿಸಿದ ಸಾಲಿನಲ್ಲಿ ಡ್ರಾಫ್ಟಿನಲ್ಲಿ ಬಂದವರೊಬ್ಬರು, ಒಮ್ಮೆ ಯಾರಿಗೂ ಬೇಡವಾಗಿದ್ದವರು ಇಬ್ಬರು.

ಇದನ್ನೇ ಹಿಡಿದು ಹರಾಜು ಸುಳ್ಳು ಎಂದು ಸಾಧಿಸಿಬಿಡಬಹುದು. ಹಾಗೆ ಮಾಡಿದರೆ ನನ್ನ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. ಜಿದ್ದಾದಲ್ಲಿ ರಾಹುಲ್ 14 ಕೋಟಿಗೆ ದೆಹಲಿ ಪಾಲಾದ ಸಂಜೆ ನಾನು ಸಿಟ್ಟಿನಲ್ಲಿ ಟಿವಿ ಆರಿಸಿದ್ದೆ. 2018ರಲ್ಲಿ ರಾಹುಲ್, ಕರುಣ್, ಮಯಂಕ್ ಮೂವರನ್ನೂ ಪಂಜಾಬ್ ಕೊಂಡುಹೋದ ಹಳೆಯ ನೋವು ಇತ್ತು; ನಮ್ಮವರಿಲ್ಲದ ತಂಡ ಯಾಕೆ ಬೇಕು ಎಂದು ಗೆಳೆಯರ ಹತ್ತಿರ ಕೂಗಾಡಿದ್ದೆ. ಅದೇ ಹರಾಜಿನಲ್ಲಿ ತಂಡ ಹೇಜಲ್‌ವುಡ್, ಸಾಲ್ಟ್, ಭುವನೇಶ್ವರ್, ಜಿತೇಶ್ ಅವರನ್ನು ಕೊಂಡಿತು. 5.75 ಕೋಟಿಗೆ ಬಂದ ಕೃನಾಲ್ ಪಾಂಡ್ಯ ಫೈನಲ್‌ನಲ್ಲಿ ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದರು. ಮೇಜಿನಲ್ಲಿ ಕೂತವರು ನನಗಿಂತ ಚೆನ್ನಾಗಿ ಓದಿದ್ದರು. ಅಭಿಮಾನಿ ಓದುವುದು ಹೆಸರನ್ನು, ಊರನ್ನು. ಅವರು ಓದಿದ್ದು ಓವರುಗಳನ್ನು.

ಹಾಗಾದರೆ ನನ್ನ ತಕರಾರು ಏನು? ದುಡಿಮೆಗೆ ಬೆಲೆ ಕಟ್ಟುವುದು ತಪ್ಪಲ್ಲ. ಹರಾಜು ಬಂದಿದ್ದರಿಂದಲೇ ಎಷ್ಟೋ ಸಣ್ಣ ಊರಿನ ಮನೆಗಳಿಗೆ ತಾರಸಿ ಬಂದಿದೆ. ಡ್ರಾಫ್ಟಾಗಿದ್ದರೆ ಆ ದುಡ್ಡು ಮಾಲೀಕರ ಹತ್ತಿರವೇ ಉಳಿಯುತ್ತಿತ್ತೇನೋ. ದಾವಣಗೆರೆಯಿಂದ ಹೋಗಿ ಕರ್ನಾಟಕಕ್ಕೆ ಎರಡು ವರ್ಷ ಸಾಲಾಗಿ ರಣಜಿ ಟ್ರೋಫಿ ಗೆದ್ದುಕೊಟ್ಟ ವಿನಯ್ ಕುಮಾರ್ ಬೆಂಗಳೂರು, ಕೊಚ್ಚಿ, ಕೋಲ್ಕತ್ತ, ಮುಂಬೈ ಎಂದು ತಿರುಗಿದರು. ತಂಡ ಬದಲಾದರೂ ನಮಗೆ ಅವರು ದಾವಣಗೆರೆ ಎಕ್ಸ್‌ಪ್ರೆಸ್ಸೇ. ಬೆಲೆ ಅವರನ್ನು ಸಣ್ಣದು ಮಾಡಲಿಲ್ಲ. ನನ್ನ ತಕರಾರು ಇರುವುದು ಆ ಮೌನದ ಬಗ್ಗೆ. ಯಾರೂ ಕೈ ಎತ್ತದ ಆ ನಾಲ್ಕು ಸೆಕೆಂಡನ್ನು ನೇರಪ್ರಸಾರ ಮಾಡುವುದರಿಂದ ಆಟಕ್ಕೆ ಏನು ಲಾಭ? ಕೊಳ್ಳದ ಹೆಸರನ್ನು ಪ್ರಕಟಿಸದೇ ಇರಬಹುದು. ನಮ್ಮ ರಾಜ್ಯದ ಮಹಾರಾಜ ಟ್ರೋಫಿ 2022ರಲ್ಲಿ ಶುರುವಾದಾಗ ಡ್ರಾಫ್ಟಿನಲ್ಲೇ ತಂಡ ಕಟ್ಟಿದ್ದರು, ಮರುವರ್ಷ ಹರಾಜಿಗೆ ಬಂದರು. ದೊಡ್ಡವರು ಮಾಡಿದ್ದನ್ನು ಚಿಕ್ಕವರು ಮಾಡುತ್ತಾರೆ. ಹಾಗೆ ಅದು ತ್ಯಾವಣಿಗೆಯ ಶಾಮಿಯಾನದವರೆಗೂ ಬಂತು. ಮಾರಾಟವಾಗದ ಮಯಂಕ್‌ಗೆ ಮರಳಿ ಬರಲು ರಣಜಿ ಇತ್ತು, ಹಳೆಯ ಶತಕಗಳಿದ್ದವು. ನಮ್ಮ ಹುಡುಗನಿಗೆ ಇದ್ದದ್ದು ಆ ಒಂದು ಸಂಜೆ, ಎದುರಿಗೆ ಪೂರ್ತಿ ಊರು.

ಕಳೆದ ವರ್ಷ ಅವನು ಹೆಸರು ಕೊಡಲಿಲ್ಲ. ಕೇಳಿದರೆ, "ಭತ್ತದ ಕೊಯ್ಲೈತಣ" ಅಂದ. ಟೂರ್ನಮೆಂಟ್ ಇದ್ದದ್ದು ಕೊಯ್ಲು ಮುಗಿದ ಮೇಲೆ.

ಈ ಸಲ ಕಮಿಟಿ ಕೂತಾಗ ನಾನು ಹೇಳಿದೆ: ಹರಾಜು ಬೇಡ, ಆರು ಕ್ಯಾಪ್ಟನ್‌ಗಳು ಒಂದು ಕೋಣೆಯಲ್ಲಿ ಕೂತು ಸರದಿಯ ಮೇಲೆ ಆರಿಸಿಕೊಳ್ಳಲಿ, ಹೋದ ವರ್ಷ ಸೋತ ತಂಡಕ್ಕೆ ಮೊದಲ ಸರದಿ, ಹೆಸರು ಕೊಟ್ಟ ಎಲ್ಲರೂ ಯಾವುದಾದರೂ ತಂಡದಲ್ಲಿ ಇರಲೇಬೇಕು, ಹೊರಗೆ ಬರೀ ತಂಡದ ಪಟ್ಟಿ ಅಂಟಿಸಿದರೆ ಸಾಕು. ಒಬ್ಬರು, "ಹರಾಜೇ ಇಲ್ಲ ಅಂದ್ರೆ ಸ್ಪಾನ್ಸರ್ ಯಾರು ಕೊಡ್ತಾರಪ್ಪ, ಜನ ಬರೋದೇ ಅದಕ್ಕೆ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆ ಜನರಲ್ಲಿ ನಾನೂ ಒಬ್ಬ. ಮಾತು ಇನ್ನೂ ತೀರ್ಮಾನವಾಗಿಲ್ಲ. ಮೈಕು ಮಾತ್ರ ಬೇರೆ ಯಾರಾದರೂ ಹಿಡಿಯಲಿ ಎಂದು ಹೇಳಿ ಬಂದಿದ್ದೇನೆ.