ರಷ್ಯಾದ ಚಳಿ ಮತ್ತು ಬೋಗಿಯ ಒಲೆ

ರಷ್ಯಾದ ಕಾದಂಬರಿ ಎಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದು ಚಳಿ. ಮೈಸೂರಿನ ಹಜಾರದಲ್ಲಿ ಕೂತು ಟಾಲ್‌ಸ್ಟಾಯ್ ಓದುವವರಾಗಲಿ, ಫ್ರಾಂಕ್‌ಫರ್ಟಿನ ಹೀಟರ್ ಪಕ್ಕ ಕೂತು ಓದುವ ನನ್ನಂಥವರಾಗಲಿ, ಈ ವಿಷಯದಲ್ಲಿ ಎಲ್ಲರೂ ಒಂದೇ. ಹಿಮ, ತುಪ್ಪಳದ ಟೋಪಿ, ಬಿಳಿ ಬಯಲಿನಲ್ಲಿ ಹೊಗೆ ಬಿಡುತ್ತ ಸಾಗುವ ರೈಲು: ಚಿತ್ರ ಮೊದಲೇ ಸಿದ್ಧವಾಗಿರುತ್ತದೆ. ಪರದೇಶದಲ್ಲಿರುವ ನಾವು ಬರೆಯುವ ಪ್ರವಾಸ ಲೇಖನಗಳಲ್ಲಂತೂ ಸೊನ್ನೆಗಿಂತ ಕೆಳಗಿನ ಅಂಕಿಯೊಂದು ಪದಕದ ಹಾಗೆ ಬಂದು ಕೂರುತ್ತದೆ. ‘ಅಂದು ಮೈನಸ್ 22 ಇತ್ತು’ ಎಂದು ಬರೆದರೆ ಅರ್ಧ ಲೇಖನ ಮುಗಿದಂತೆ. ನನ್ನ ತಕರಾರು ಇಷ್ಟೇ: ರಷ್ಯಾದ ದೊಡ್ಡ ಬರಹಗಾರರು ಚಳಿಯನ್ನು ಹೀಗೆ ಬರೆದಿಲ್ಲ. ಅವರ ಗಮನವೆಲ್ಲ ಒಲೆಯ ಕಡೆಗಿದೆ. ಅದರ ಪಕ್ಕ ಯಾರಿಗೆ ಜಾಗ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಅದನ್ನು ಉರಿಸುತ್ತಿರುವವರು ಯಾರು ಎಂಬುದನ್ನು ಅವರು ನೋಡುತ್ತಾರೆ.

2019ರ ಜನವರಿಯಲ್ಲಿ ಮಾಸ್ಕೋದ ಯಾರೊಸ್ಲಾವ್‌ಸ್ಕಿ ನಿಲ್ದಾಣದಿಂದ ವೊಲೊಗ್ದಾಕ್ಕೆ ರಾತ್ರಿ ರೈಲಿನಲ್ಲಿ ಹೋದಾಗ ಈ ಮಾತು ನನಗೆ ಗಟ್ಟಿಯಾಯಿತು. ಉತ್ತರಕ್ಕೆ ಸುಮಾರು 500 ಕಿಲೋಮೀಟರ್ ದಾರಿ. ನಾನಿದ್ದದ್ದು ‘ಪ್ಲಾಟ್ಸ್‌ಕಾರ್ಟ್’ ಎಂಬ ದರ್ಜೆಯ ಬೋಗಿ. ನಮ್ಮ ಸ್ಲೀಪರ್ ಕ್ಲಾಸನ್ನು ಬಲ್ಲವರಿಗೆ ವಿವರಣೆ ಬೇಕಿಲ್ಲ: ಬಾಗಿಲಿಲ್ಲದ ವಿಭಾಗಗಳು, ದಾರಿಯ ಆಚೆ ಪಕ್ಕದ ಬರ್ತುಗಳು, ಒಟ್ಟು 54 ಮಂದಿ. ಒಳಗೆ ಕಾಲಿಟ್ಟರೆ ಸೆಕೆ. ಕಿಟಕಿಯ ಅಂಚಿಗೆ ಹಿಮ ಕಟ್ಟಿತ್ತು. ಜನ ಮಾತ್ರ ಕೋಟು, ಬೂಟು ಕಳಚಿ, ಚಪ್ಪಲಿ ಮೆಟ್ಟಿ, ಟೀ ಶರ್ಟಿನಲ್ಲಿ ಓಡಾಡುತ್ತಿದ್ದರು. ಬೋಗಿಯ ತುದಿಯಲ್ಲಿ ಕಲ್ಲಿದ್ದಲಿನ ಬಾಯ್ಲರ್. ಅದರ ಜವಾಬ್ದಾರಿ ಹೊತ್ತ ಸಮವಸ್ತ್ರದ ಹೆಂಗಸು ಇದ್ದಿಲು ಹಾಕಿ, ಲೋಹದ ಹಿಡಿಕೆಯಲ್ಲಿ ಕೂರಿಸಿದ ಗಾಜಿನ ಲೋಟಗಳಲ್ಲಿ ಚಹಾ ಕೊಟ್ಟು, ರೈಲು ನಿಂತಾಗ ಕಬ್ಬಿಣದ ಹಾರೆ ಹಿಡಿದು ಕೆಳಗಿಳಿದು, ಬೋಗಿಯಡಿ ಕಟ್ಟಿದ ಮಂಜುಗಡ್ಡೆ ಕುಟ್ಟಿ ಉದುರಿಸುತ್ತಿದ್ದರು. ನಾವು 54 ಮಂದಿಗೆ ಬೆಚ್ಚಗೆ ನಿದ್ದೆ ಬಂದದ್ದು ಒಬ್ಬಾಕೆಯ ನಿದ್ದೆಗೆಟ್ಟ ರಾತ್ರಿಯಿಂದ.

ಈ ಸೆಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ‘ಅನ್ನಾ ಕರೆನಿನಾ’ದ ಪ್ರಸಿದ್ಧ ರೈಲಿನ ರಾತ್ರಿಯನ್ನು ಓದಿ. ಮಾಸ್ಕೋದಿಂದ ಪೀಟರ್ಸ್‌ಬರ್ಗಿಗೆ ಮರಳುತ್ತಿರುವ ಅನ್ನಾ ಇಂಗ್ಲಿಷ್ ಕಾದಂಬರಿಯೊಂದನ್ನು ಹಿಡಿದು ಕೂತಿದ್ದಾಳೆ. ಹೊರಗೆ ಹಿಮದ ಬಿರುಗಾಳಿ, ಒಳಗೆ ಧಗೆ. ಪುಟ ಕತ್ತರಿಸುವ ಚಾಕುವನ್ನು ಕಿಟಕಿಯ ಗಾಜಿನ ಮೇಲೆ ಆಡಿಸಿ, ಆ ತಂಪನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಕಾರಣವಿಲ್ಲದ ಒಂದು ಖುಷಿ ಅವಳಲ್ಲಿ ಉಕ್ಕುತ್ತದೆ. ಮುಂದೆ ಅವಳು ನಿಲ್ದಾಣದಲ್ಲಿ ಕೆಳಗಿಳಿಯುವುದು ಉಸಿರಾಡಲು ಗಾಳಿ ಬೇಕೆಂದು; ವ್ರಾನ್‌ಸ್ಕಿ ಎದುರಾಗುವುದು ಆಗಲೇ. ಇಲ್ಲಿ ಚಳಿ ಅವಳಿಗೆ ಶತ್ರುವಲ್ಲ, ಬಿಡುಗಡೆ. ಈ ಬಿರುಗಾಳಿಯನ್ನು ಮುಂಬರುವ ದುರಂತದ ಸಂಕೇತ ಎಂದಷ್ಟೇ ಪಾಠ ಹೇಳಿದರೆ ಬೋಗಿಯೊಳಗಿನ ಧಗೆ ಕೈಬಿಟ್ಟುಹೋಗುತ್ತದೆ. ಆ ಧಗೆಯಿಲ್ಲದೆ ಅನ್ನಾ ಬಾಗಿಲು ತೆರೆಯುತ್ತಿರಲಿಲ್ಲ.

ಅದೇ ದೃಶ್ಯದಲ್ಲಿ ಇನ್ನೊಬ್ಬನಿದ್ದಾನೆ. ಗುಂಡಿಯೊಂದು ಕಿತ್ತುಹೋದ ಉದ್ದನೆಯ ಕೋಟು ತೊಟ್ಟ ಬಡಕಲು ರೈತ. ಬಾಗಿಲಲ್ಲಿ ಅವನ ಹಿಂದೆಯೇ ಗಾಳಿ, ಹಿಮ ನುಗ್ಗುತ್ತವೆ. ಅವನು ಒಲೆ ಉರಿಸುವವನು. ಥರ್ಮಾಮೀಟರ್ ನೋಡಲು ಬಂದಿದ್ದಾನೆ. ಮಂಪರಿನಲ್ಲಿರುವ ಅನ್ನಾಳಿಗೂ ಅಷ್ಟು ತಿಳಿಯುತ್ತದೆ. ಮರುಕ್ಷಣ ಅವನು ಅವಳ ಭ್ರಮೆಯಲ್ಲಿ ಕರಗಿಹೋಗುತ್ತಾನೆ. ಆ ಗುಂಡಿಯನ್ನು ಕಂಡ ಟಾಲ್‌ಸ್ಟಾಯ್‌ನ ಕಣ್ಣಿಗೆ ನಮಸ್ಕಾರ. ಆದರೆ ಒಲೆಯವನಿಗೆ ಅವನು ಕೊಟ್ಟದ್ದು ಅರ್ಧ ವಾಕ್ಯ.

ದಾಸ್ತಯೇವ್‌ಸ್ಕಿಯ ‘ಈಡಿಯಟ್’ ಕೂಡ ರೈಲಿನಲ್ಲೇ ಶುರುವಾಗುತ್ತದೆ, ಅದೂ ಮೂರನೆಯ ದರ್ಜೆಯಲ್ಲಿ. ನವೆಂಬರಿನ ಕೊನೆ ಎಂದಾಗ ನಾವು ಕಡುಚಳಿಯನ್ನು ಊಹಿಸುತ್ತೇವೆ. ಕಾದಂಬರಿ ಹೇಳುವುದೇ ಬೇರೆ: ಅಂದು ಹಿಮ ಕರಗುವ, ಮಂಜು ಮುಸುಕಿದ ತೇವದ ಬೆಳಗು. ಆದರೂ ಮಿಶ್ಕಿನ್ ನಡುಗುತ್ತಾನೆ, ಏಕೆಂದರೆ ಅವನ ಮೈಮೇಲಿರುವುದು ಸ್ವಿಟ್ಜರ್ಲೆಂಡಿನಿಂದ ತಂದ ತೋಳಿಲ್ಲದ ನಿಲುವಂಗಿ. ಎದುರಿಗಿರುವ ರಗೋಜಿನ್ ಕುರಿಯ ತುಪ್ಪಳದ ಕೋಟಿನಲ್ಲಿ ಬೆಚ್ಚಗಿದ್ದಾನೆ. ಅವರ ನಡುವಿನ ಮೊದಲ ಮಾತು ಹುಟ್ಟುವುದೇ ಈ ವ್ಯತ್ಯಾಸದಿಂದ. ಇಬ್ಬರಿಗೂ ಹವೆ ಒಂದೇ, ಕೋಟು ಬೇರೆ.

ನಾನು ವೊಲೊಗ್ದಾಕ್ಕೆ ಹೋದದ್ದು ಮೂರನೆಯ ಲೇಖಕನಿಗಾಗಿ. ‘ಭೀಕರ’ ಇವಾನ್ ದೊರೆ 16ನೆಯ ಶತಮಾನದಲ್ಲಿ ಕಟ್ಟಿಸಿದ ಸೋಫಿಯಾ ಕೆಥೆಡ್ರಲ್ಲಿನ ಹಿಂದೆಯೇ ಒಂದು ಮನೆಯಿದೆ. ಪಾದ್ರಿಯ ಮಗ ವರ್ಲಾಮ್ ಶಲಾಮೊವ್ 1907ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಅವನು ಬೆಳೆದ ಆ ಮನೆ ಈಗ ಅವನ ಸ್ಮಾರಕ. ತನ್ನ ಊರಿನ ಬಗ್ಗೆಯೇ ಅವನು ‘ನಾಲ್ಕನೆಯ ವೊಲೊಗ್ದಾ’ ಎಂಬ ಪುಸ್ತಕ ಬರೆದ. ಸ್ಟಾಲಿನ್ ಕಾಲದಲ್ಲಿ ಬಂಧಿತನಾಗಿ ಸೈಬೀರಿಯಾದ ಆಚೆಯ ಕೊಲಿಮಾದಲ್ಲಿ ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಳೆದು, ಬದುಕಿ ಬಂದು ‘ಕೊಲಿಮಾ ಕಥೆಗಳು’ ಬರೆದ.

ಅದರಲ್ಲಿ ‘ಬಡಗಿಗಳು’ ಎಂಬ ಸಣ್ಣ ಕಥೆಯಿದೆ. ಶಿಬಿರದಲ್ಲಿ ಕೆಲಸಗಾರರಿಗೆ ಥರ್ಮಾಮೀಟರ್ ತೋರಿಸುವುದಿಲ್ಲ. ತೋರಿಸಿಯೂ ಫಲವಿಲ್ಲ, ಎಷ್ಟೇ ಡಿಗ್ರಿ ಇರಲಿ, ಕೆಲಸಕ್ಕೆ ಹೋಗಲೇಬೇಕು. ಹಳಬರು ಉಸಿರಿನ ಸದ್ದಿನಿಂದ, ಉಗುಳು ಗಾಳಿಯಲ್ಲೇ ಹೆಪ್ಪುಗಟ್ಟುವುದರಿಂದ ಚಳಿಯನ್ನು ಅಳೆಯುತ್ತಾರೆ. ಬಡಗಿ ಕೆಲಸದ ಗಂಧವೂ ಇಲ್ಲದ ಇಬ್ಬರು ಕೈದಿಗಳು ತಾವು ಬಡಗಿಗಳೆಂದು ಸುಳ್ಳು ಹೇಳುತ್ತಾರೆ, ಬಡಗಿ ಕೊಟ್ಟಿಗೆಯಲ್ಲಿ ಒಲೆಯಿದೆ ಎಂಬ ಒಂದೇ ಕಾರಣಕ್ಕೆ. ಅಲ್ಲಿಯ ನಿಜವಾದ ಬಡಗಿಗೆ ಗುಟ್ಟು ತಿಳಿಯುತ್ತದೆ. ಆದರೂ ಒಲೆಯ ಬಳಿ ಮೈ ಕಾಯಿಸಿಕೊಳ್ಳಲು ಬಿಡುತ್ತಾನೆ. ಕಥೆ ಇಷ್ಟೇ. ಹಿಮದ ಸೊಬಗಿನ ವರ್ಣನೆ ಒಂದು ಸಾಲೂ ಇಲ್ಲ.

ಅನ್ನಾಳ ಬೋಗಿಯನ್ನೂ ಕೊಲಿಮಾದ ಕೊಟ್ಟಿಗೆಯನ್ನೂ ಒಟ್ಟಿಗೆ ತೂಗುವುದು ಅನ್ಯಾಯ ಎನ್ನಬಹುದು. ಇಬ್ಬರು ಲೇಖಕರ ಉದ್ದೇಶ ಬೇರೆ, ಕಾಲ ಬೇರೆ, ನಿಜ. ಆದರೆ ಥರ್ಮಾಮೀಟರ್ ಎರಡೂ ಕಡೆ ಇದೆ. ಒಂದು ಕಡೆ ಪ್ರಯಾಣಿಕರ ಸುಖಕ್ಕಾಗಿ ಅದನ್ನು ನೋಡುವವನಿದ್ದಾನೆ, ಇನ್ನೊಂದು ಕಡೆ ಅದನ್ನು ನೋಡುವ ಹಕ್ಕೇ ಇಲ್ಲದವರಿದ್ದಾರೆ. ಗುಂಡಿ ಕಿತ್ತ ಕೋಟಿನವನಂಥವರು ಶಲಾಮೊವ್‌ನಲ್ಲಿ ಯಾರದೋ ಮಂಪರಿನಿಂದ ಹೊರಬಂದು ಕಥೆಯ ನಡುವೆ ನಿಲ್ಲುತ್ತಾರೆ. ಈ ಕಾರಣಕ್ಕೆ ಅವನು ನನಗೆ ಟಾಲ್‌ಸ್ಟಾಯ್‌ನ ವಿರೋಧಿಯಾಗಿ ಕಾಣುವುದಿಲ್ಲ. ಹಿರಿಯ ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಮುಗಿಸಿದವನಂತೆ ಕಾಣುತ್ತಾನೆ.

ಕನ್ನಡಕ್ಕೆ ರಷ್ಯಾ ಬಂದ ದಾರಿಯನ್ನೂ ಇಲ್ಲಿ ನೆನೆಯಬೇಕು. ಒಂದು ಕಾಲಕ್ಕೆ ಮಾಸ್ಕೋದಲ್ಲೇ ಅಚ್ಚಾದ ಕನ್ನಡ ಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. ನಮ್ಮ ಓದಿನ ಮೇಲೆ ಅವುಗಳ ಋಣ ದೊಡ್ಡದು. ಆ ಕಪಾಟಿನಲ್ಲಿ ಶಲಾಮೊವ್ ಇರಲು ಸಾಧ್ಯವಿರಲಿಲ್ಲ. ಅವನು ತೀರಿಕೊಂಡದ್ದು 1982ರಲ್ಲಿ. ಕೊಲಿಮಾ ಕಥೆಗಳಲ್ಲಿ ಹೆಚ್ಚಿನವು ಅವನ ದೇಶದಲ್ಲೇ ಅಚ್ಚಾದದ್ದು ಆಮೇಲೆ. ಹಾಗಾಗಿ ನಮ್ಮ ಕಲ್ಪನೆಯ ರಷ್ಯಾದ ಚಳಿ ಅರ್ಧದ್ದು. ಉಳಿದರ್ಧ ಈಗ ಓದಲು ಸಿಗುತ್ತದೆ. ಅದಿಲ್ಲದೆ ಮೊದಲರ್ಧವೂ ಸರಿಯಾಗಿ ಕಾಣದು.

ಟೊರಾಂಟೊದಿಂದಲೋ ಬರ್ಲಿನ್ನಿಂದಲೋ ನಮ್ಮವರು ಚಳಿಗಾಲದ ಬಗ್ಗೆ ಬರೆಯುವಾಗ ಅಂಕಿ ಕೊಡಲಿ, ಬೇಡವೆನ್ನುವುದಿಲ್ಲ. ಅದರ ಪಕ್ಕದಲ್ಲೇ ಬೆಳಗಿನ ನಾಲ್ಕಕ್ಕೆ ರಸ್ತೆಯ ಹಿಮ ತೆಗೆದವರು ಯಾರು, ಬಾಡಿಗೆ ಮನೆಯ ಹೀಟರಿನ ಖರ್ಚಿಗೆ ಹೆದರಿ ಕೋಟು ತೊಟ್ಟೇ ಮಲಗಿದ ವಿದ್ಯಾರ್ಥಿ ಯಾರು ಎಂಬುದೂ ಬರಲಿ. ಆಗ ಊರಿನಲ್ಲಿರುವ ಓದುಗರಿಗೂ ಆ ಚಳಿ ತಟ್ಟೀತು. ಅವರು ಹಿಮ ನೋಡಿರಲಾರರು. ಒಲೆಯ ಹತ್ತಿರ ಯಾರು, ದೂರ ಯಾರು ಎಂಬ ಲೆಕ್ಕ ಅವರಿಗೂ ಚೆನ್ನಾಗಿ ಗೊತ್ತು.